ಮೂಕಯ್ಯನ ಹೋರಿಬೀಗ

ಮೂಕಯ್ಯ ಗೌಂಡ ಒಂದು ಸಲ ಮನಸ್ಸು ಗಟ್ಟಿ ಮಾಡಿಕೊಂಡನೆಂದರೆ ಮುಗಿಯಿತು, ಅದನ್ನು ಬದಲಾಯಿಸಲು ಮೇಲಿನಿಂದ ದೇವರೇ ಇಳಿದು ಬಂದರೂ ಬರಿಗೈಯಲ್ಲಿ ಹಿಂದಿರುಗಬೇಕು. ಇದನ್ನು ಹೇಳಿದವರು ಯಾರು ಎಂದು ಕೇಳುತ್ತೀರಾ? ಮೂಕಯ್ಯನೇ. ತಮಿಳು ಸೀಮೆಯ ಕೊಂಬೈ ಊರಿನ ಟೀ ಅಂಗಡಿ ಬೆಂಚಿನ ಮೇಲೆ ಕೂತು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತಪ್ಪದೆ ಹೇಳುತ್ತಿದ್ದ. ಮೂಕಯ್ಯ ಎಂದು ಹೆಸರಿಟ್ಟ ಅವನ ತಾತನಿಗೆ ಈ ಮಗು ಮುಂದೆ ಇಷ್ಟು ಮಾತಾಡುತ್ತದೆಂಬ ಅಂದಾಜೇ ಇರಲಿಲ್ಲ.

ಅರವತ್ತನಾಲ್ಕನೇ ಇಸವಿಯಲ್ಲಿ, ಪೊಂಗಲ್ ಮುಗಿದ ಮರುವಾರ, ಅವನು ಹೀಗೇ ಒಂದು ಸಲ ಮನಸ್ಸು ಗಟ್ಟಿ ಮಾಡಿಕೊಂಡ. ಆ ಗಟ್ಟಿತನದ ಕತೆಯೇ ಇದು.

ಅಂದು ತೋಟದಿಂದ ಬಂದವನು ಒಳಕೋಣೆಯ ಬಾಗಿಲ ಮುಂದೆ ನಿಂತುಬಿಟ್ಟ. ಹಬ್ಬಕ್ಕೆಂದು ಎಣ್ಣೆ ಹಚ್ಚಿ ಒರೆಸಿದ್ದ ಬೇವಿನ ಮರದ ಬಾಗಿಲು. ಅದರ ಮೇಲೆ, ಕೋಲಂ ರಂಗೋಲಿಗೆಂದು ರುಬ್ಬಿಟ್ಟಿದ್ದ ಅಕ್ಕಿಹಿಟ್ಟಿನಲ್ಲಿ ಬೆರಳದ್ದಿ ಬರೆದ ಒಂದು ಚಿತ್ರ. ದೊಡ್ಡ ಗುಂಡು ಮೈ, ಆ ಮೈಯಲ್ಲೇ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಮೈಯಿಂದ ನೇರವಾಗಿ ಹೊರಟ ನಾಲ್ಕು ಕಾಲು. ಅಕ್ಕಪಕ್ಕಕ್ಕೆ ಚಾಚಿ ತುದಿಯಲ್ಲಿ ಡೊಂಕಾದ ಎರಡು ಕೊಂಬು. ನೆತ್ತಿಯ ಮೇಲೊಂದು ಉಬ್ಬು. ಒಂದು ಮಗ್ಗುಲಲ್ಲಿ ಜೋತುಬಿದ್ದ ಬಾಲ. ಪಕ್ಕದಲ್ಲಿ ಅವನ ಆರು ವರ್ಷದ ಮಗಳು ಚಿನ್ನತಾಯಿ, ಮೊಣಕೈವರೆಗೆ ಹಿಟ್ಟು ಬಳಿದುಕೊಂಡು, ಬೈಗುಳಕ್ಕೆ ತಯಾರಾಗಿ ನಿಂತಿದ್ದಳು.

ಕೊಂಬು, ಹಿಣಿಲು, ಬಾಲ. ಈ ಮೂರೂ ಒಟ್ಟಿಗೆ ಕಂಡರೆ ಆ ಮನೆಯವರ ಕಣ್ಣಿಗೆ ಬೇರೇನೂ ಕಾಣುವುದಿಲ್ಲ. ಅವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ದನ ಹೊಡೆದುಕೊಂಡು ಈ ಕಣಿವೆಗೆ ಬಂದವರು. ದನದ ಜೊತೆ ಬಂದ ಕನ್ನಡ ಇನ್ನೂ ಮನೆಯೊಳಗೆ ಉಳಿದಿತ್ತು, ಅರ್ಧಕ್ಕರ್ಧ ತಮಿಳಾಗಿ. ಹಸು ಕರು ಹಾಕಿದರೆ ಮೊದಲ ಹಾಲು ದೇವರ ಹೋರಿಗೆ ಹೋಗಬೇಕು, ಮಕ್ಕಳ ಲೋಟಕ್ಕೆ ಆಮೇಲೆ.

"ಅವ್ವಾ, ಬಾ ಇಲ್ಲಿ" ಎಂದು ಮೂಕಯ್ಯ ಕೂಗಿದ. "ನಮ್ ಮನೆ ಬಾಗ್ಲಿಗೆ ದೇವ್ರ ಹೋರಿ ಬಂದದೆ."

ತಾಯಿ ರಂಗಮ್ಮಾಳ್ ಬಂದಳು, ನೋಡಿದಳು, ಕೈಮುಗಿದಳು. ಮುಗಿದ ಕೈಯಲ್ಲೇ ಕುಂಕುಮ ತಂದು ಹೋರಿಯ ಹಣೆಗೆ ಇಟ್ಟಳು. ಚಿನ್ನತಾಯಿ "ಅಜ್ಜೀ, ಅದು..." ಎಂದು ಬಾಯಿ ತೆರೆದಳು. ತೆರೆದ ಬಾಯಿಗೆ ಅಜ್ಜಿ ಒಂದು ದೊಡ್ಡ ಬೆಲ್ಲದ ಉಂಡೆ ತುರುಕಿದಳು. ಅದು ಕರಗುವಷ್ಟರಲ್ಲಿ ಎಲ್ಲ ತೀರ್ಮಾನವಾಗಿಹೋಗಿತ್ತು.

"ಚೆನ್ನಾಗದೆ" ಎಂದಳು ಮೂಕಯ್ಯನ ಹೆಂಡತಿ ವೆಳ್ಳೈಯಮ್ಮಾಳ್, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು. "ಒರೆಸ್ಲಾ?"

"ಒರೆಸಾದಾ? ನನ್ ಮಗಳು ಬರ್ದ ಹೋರೀನಾ? ಇದು ನಮ್ ಮೊಮ್ಮಕ್ಕಳ ಕಾಲ್ದವರೆಗೂ ಈ ಮನೇಲಿ ಇರ್ಬೇಕು. ನಾನು ಇರೋ ಹಂಗೆ ಮಾಡ್ತೀನಿ."

"ಹಂಗಾದ್ರೆ ಒಂದು ತಲೆದಿಂಬಿನ ಮೇಲೆ ದಾರದಲ್ಲಿ ಹೊಲ್ದು ಕೊಡ್ತೀನಿ."

"ದೇವ್ರ ಹೋರಿ ಮೇಲೆ ತಲೆ ಇಟ್ಟು ಗೊರಕೆ ಹೊಡೆಯಾದಾ?"

"ಹೊಸ್ಲಿನ ಮೇಲೆ ಕೆತ್ತಿಸಪ್ಪ" ಎಂದಳು ತಾಯಿ.

"ಓಡಾಡೋರೆಲ್ಲ ತುಳಿಯಾದಾ?"

"ಹಿತ್ತಾಳೆ ತಟ್ಟೇಲಿ ಬರೆಸಿ" ಎಂದಳು ಹೆಂಡತಿ.

"ಅದ್ರಲ್ಲಿ ಸಾರು ಕಲಸ್ಕೊಂಡು ಉಣ್ಣಾದಾ? ಇಲ್ಲಿ ಕೇಳಿ. ಈ ಮನೇಲಿ ನಾನು ಹೇಳಿದ್ದೇ ಕಡೆ ಮಾತು. ಕಬ್ಬಿಣ. ದಿಂಡಿಗಲ್ ಪೂಟ್ಟು. ಈ ಬಾಗ್ಲಿಗೆ, ಇದೇ ಹೋರಿ ರೂಪದಲ್ಲಿ, ಒಂದು ಬೀಗ ಮಾಡಿಸ್ತೀನಿ. ಬಂದೋರೆಲ್ಲ ನೋಡಿ ಬಾಯ್ಮೇಲೆ ಬೆರಳಿಡ್ಬೇಕು."

ದಿಂಡಿಗಲ್ಲಿನ ಬೀಗದ ಹೆಸರು ಹೇಳಿದ ಮೇಲೆ ಆ ಕಣಿವೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ವೆಳ್ಳೈಯಮ್ಮಾಳ್ ಒದ್ದೆ ಬಟ್ಟೆ ಹಿಂಡಿ ಒಣಹಾಕಿದಳು.

ತೊಂದರೆ ಒಂದೇ. ಚಿತ್ರ ಇರುವುದು ಬಾಗಿಲ ಮೇಲೆ, ಆಚಾರಿ ಇರುವುದು ದಿಂಡಿಗಲ್ಲಿನಲ್ಲಿ. ಮೂಕಯ್ಯ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೇ ನಕಲು ತೆಗೆಯಲು ಕೂತ. ಮೊದಲನೆಯದು ಕಾಲು ಬಂದ ಬದನೆಕಾಯಿಯಾಯಿತು. ಎರಡನೆಯದನ್ನು ನೋಡಿ ವೆಳ್ಳೈಯಮ್ಮಾಳ್, "ಇದು ನಮ್ ದೊಡ್ಡತ್ತೆ ತರ ಅದೆ" ಎಂದಳು. ಮಗಳಿಗೇ ಇನ್ನೊಂದು ಬರೆಯಲು ಹೇಳಿದರೆ ಅವಳು, "ಇವತ್ತು ಕಾಗೆ" ಎಂದು ಕಾಗೆ ಬರೆದುಕೊಟ್ಟಳು.

ಮೂಕಯ್ಯ ಹೆಚ್ಚು ಹೊತ್ತು ಯೋಚಿಸುವ ಮನುಷ್ಯನಲ್ಲ. ಬಾಗಿಲನ್ನೇ ಕಿತ್ತ.

ಮರುದಿನ ಬಸ್ಸಿನ ಮುಂದೆ ಒಂದು ಆಳೆತ್ತರದ ಬಾಗಿಲು, ಒಂದು ಮಗು, ಒಬ್ಬ ಮೂಕಯ್ಯ ಸಾಲಾಗಿ ನಿಂತರು. ಕಂಡಕ್ಟರ್ ತಮಿಳಿನಲ್ಲಿ ಕೇಳಿದ, "ಏನಯ್ಯಾ ಇದು?"

"ಬಾಗಿಲು."

"ಬಾಗಿಲು ಅಂತ ನನಗೂ ಕಾಣುತ್ತೆ. ಮನೆ ಎಲ್ಲಿ?"

"ಮನೆ ಇಲ್ಲೇ ಇರುತ್ತೆ. ಬಾಗಿಲು ಮಾತ್ರ ಹೋಗಿ ಬರುತ್ತೆ."

ಬಾಗಿಲು ಬಸ್ಸಿನ ತಲೆ ಮೇಲೇರಿತು. ಗಾಳಿಗೆ, ಬಿಸಿಲಿಗೆ ಹೋರಿ ಉದುರಬಾರದೆಂದು ಮೂಕಯ್ಯ ತನ್ನ ಮುಂಡಾಸು ಬಿಚ್ಚಿ ಅದಕ್ಕೆ ಹೊದಿಸಿದ. ತೇನಿಯಲ್ಲಿ ಇಳಿಸಿ ಇನ್ನೊಂದು ಬಸ್ಸಿಗೆ ಏರಿಸುವಾಗ ಇಬ್ಬರು ಪೋಲಿ ಹುಡುಗರು ಬಾಗಿಲು ತಟ್ಟಿ, "ಒಳಗೆ ಯಾರಿದ್ದೀರಿ?" ಎಂದು ಕೇಳಿದರು. ಬತ್ತಲಗುಂಡುವಿನಲ್ಲಿ ಒಬ್ಬ ಬಾಳೆಹಣ್ಣಿನ ವ್ಯಾಪಾರಿ, ಕೊಡೈಕಾನಲ್ ಬೆಟ್ಟದ ಮೇಲೆ ಬಂಗಲೆ ಕಟ್ಟುವ ಸಾಹುಕಾರರೇ ಇರಬೇಕೆಂದು ನಮಸ್ಕಾರ ಹೊಡೆದ. ಮೂಕಯ್ಯ ಅದನ್ನು ತಿದ್ದಲು ಹೋಗಲಿಲ್ಲ. ನಮಸ್ಕಾರ ಇಟ್ಟುಕೊಂಡ.

ದಿಂಡಿಗಲ್ಲಿನ ವೇಲು ಆಚಾರಿ ಬೀಗ ಮಾಡುವುದರಲ್ಲಿ ಹೆಸರು ಮಾಡಿದವನು. ಮುಂಡಾಸು ಸುತ್ತಿಕೊಂಡು, ಹೆಗಲ ಮೇಲೆ ತುಂಡುವಸ್ತ್ರ ಇಳಿಬಿಟ್ಟು ಎದುರಿಗೆ ನಿಂತ ಮೂಕಯ್ಯನನ್ನು ಅವನು ನೋಡಿದ. ಬಾಗಿಲನ್ನು ನೋಡಿದ. ಮತ್ತೆ ಮೂಕಯ್ಯನನ್ನು ನೋಡಿದ. ಹೀಗೆ ನಾಲ್ಕೈದು ಸಲ ನೋಡಿ ಗಂಟಲು ಸರಿಮಾಡಿಕೊಂಡ. ತನ್ನ ಮಗಳ ಕೈಚಳಕಕ್ಕೆ ದೊಡ್ಡ ಆಚಾರಿಯೇ ಮರುಳಾದ ಎಂದು ಮೂಕಯ್ಯನಿಗೆ ಎದೆಯುಬ್ಬಿತು.

"ಇದೇ ರೂಪ ಬೇಕು ಆಚಾರಿ. ಒಂದು ಗೆರೆ ಹೆಚ್ಚಾಗಬಾರದು, ಒಂದು ಗೆರೆ ಕಡಿಮೆಯಾಗಬಾರದು. ಕಳ್ಳನ ಅಪ್ಪ ಬಂದರೂ ತೆಗೆಯೋಕೆ ಆಗಬಾರದು."

"ಕವಲೈಪಡಾದೀಂಗ ಗೌಂಡರೇ, ಚಿಂತೆಯೇ ಬೇಡ" ಎಂದ ವೇಲು ಆಚಾರಿ. "ಕೈಯಲ್ಲಿ ಕೀಲಿ ಇದ್ದರೂ ತೆಗೆಯೋಕಾಗದ ಬೀಗ ಮಾಡಿಕೊಡ್ತೇನೆ. ತೆಗೆಯೋಕೆ ಮೊದಲು ಒಂದು ಗುಟ್ಟಿನ ಕೆಲಸ ಮಾಡಬೇಕು, ಆಮೇಲೆ ಕೀಲಿ. ಗುಟ್ಟು ಯಾವ ತರಹ ಇರಲಿ?"

"ಬರೆದವಳನ್ನೇ ಕೇಳು" ಎಂದ ಮೂಕಯ್ಯ ರಾಜಗಾಂಭೀರ್ಯದಿಂದ, ಮತ್ತು ಕಾಪಿ ಕುಡಿಯಲು ಹೋದ.

ಬಂದು ನೋಡಿದರೆ ಆಚಾರಿ ನೆಲದ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಚಿನ್ನತಾಯಿ ಅವನ ಕಿವಿಯಿಂದ ಬಾಯಿ ತೆಗೆಯುತ್ತಿದ್ದಳು.

"ಗುಟ್ಟು ಸಿಕ್ತಾ?"

"ಸಿಕ್ಕಿತು ಗೌಂಡರೇ. ಮೂವತ್ತು ವರ್ಷದಿಂದ ಬೀಗ ಮಾಡ್ತಿದ್ದೇನೆ, ಇಂಥ ಗುಟ್ಟು ಕೇಳಿದ್ದು ಇದೇ ಮೊದಲು. ಹೇಳಲಾ?"

"ಹೇಳಬೇಡ. ನೀನೂ ಹೇಳಬೇಡ ಚಿನ್ನತಾಯಿ. ನಾನು ಬೀಗ ನೋಡಿದ ಕೂಡಲೇ ಕಂಡುಹಿಡೀತೀನಿ."

ಆಚಾರಿ ಮತ್ತೆ ಕಣ್ಣು ಒರೆಸಿಕೊಂಡ.

ಆಚಾರಿ ಚಿತ್ರವನ್ನು ಕಾಗದಕ್ಕೆ ಇಳಿಸಿಕೊಂಡ ಮೇಲೆ ಬಾಗಿಲು ಅದೇ ದಾರಿಯಲ್ಲಿ ಮನೆಗೆ ಬಂತು. ಅದನ್ನು ಕೂರಿಸುವಾಗ ಮೂಕಯ್ಯ ಮೇಸ್ತ್ರಿಯನ್ನು ಕರೆಸಿ, ಬಾಗಿಲು ತಿರುಗುವ ಗೂಟಗಳು ಕೂರುವ ಕುಳಿಗಳ ಸುತ್ತ ಗಾರೆ ತುಂಬಿಸಿದ. "ಇನ್ನು ಈ ಬಾಗ್ಲನ್ನ ಯಾವ ಮಗನೂ ಕೀಳಬಾರ್ದು" ಎಂದ. ತಿಂಗಳ ಮೇಲೆ ಬೀಗವೂ ಬಸ್ಸಿನಲ್ಲಿ ಬಂತು, ಎರಡು ಅಂಗೈ ಅಗಲ, ಎತ್ತಿದರೆ ಮಗುವಿನಷ್ಟು ಭಾರ. ಕಬ್ಬಿಣದ ಗುಂಡು ಮೈ, ಹಿತ್ತಾಳೆಯ ಕೊಂಬು, ಹೊಟ್ಟೆಯ ನಡುವೆ ಕೀಲಿಯ ತೂತು. ನಿಜಕ್ಕೂ ಒಂದು ಗೆರೆ ಹೆಚ್ಚಿರಲಿಲ್ಲ, ಒಂದು ಗೆರೆ ಕಡಿಮೆಯಿರಲಿಲ್ಲ. ಆಚಾರಿ ಅದನ್ನು ತೆರೆದ ಸ್ಥಿತಿಯಲ್ಲೇ ಕಳಿಸಿದ್ದ. ಒಳ್ಳೆಯ ದಿನ, ಒಳ್ಳೆಯ ಮಂದಿಯ ಮುಂದೆ ಮೊದಲ ಸಲ ಹಾಕುತ್ತೇನೆಂದು ಮೂಕಯ್ಯ ಅದನ್ನು ಹಾಗೇ ಬಾಗಿಲ ಬಳೆಗೆ ನೇತುಹಾಕಿದ. ರಂಗಮ್ಮಾಳ್ ದಿನಾ ಬೆಳಗ್ಗೆ ಅದಕ್ಕೆ ಕುಂಕುಮವಿಟ್ಟು, ಮೂರು ಸಲ ಕೈಮುಗಿದು, ಆಮೇಲೆ ಕಾಪಿ ಕುಡಿಯುತ್ತಿದ್ದಳು.

ಒಳ್ಳೆಯ ಮಂದಿ ಬರುವುದೂ ಇತ್ತು. ಮೂಕಯ್ಯನ ತಂಗಿ ಪಾಂಡಿಯಮ್ಮಾಳ್‌ಗೆ ನಿಲಕ್ಕೋಟ್ಟೈ ಕಡೆಯ ಸಂಬಂಧ ಕೂಡಿಬಂದಿತ್ತು. ಪಿಚ್ಚೈ ಎಂಬ ಹುಡುಗ ಎತ್ತು ನೋಡುವ ನೆಪದಲ್ಲಿ ಮೂರು ಸಲ ಕೊಂಬೈಗೆ ಬಂದು, ಮೂರು ಸಲವೂ ಎತ್ತು ಬಿಟ್ಟು ಬಾವಿಕಟ್ಟೆಯ ಕಡೆಯೇ ನೋಡಿಕೊಂಡು ಹೋಗಿದ್ದ. ಬಾವಿಕಟ್ಟೆಯಲ್ಲಿದ್ದ ಪಾಂಡಿಯಮ್ಮಾಳ್ ಕೂಡ ಆ ಮೂರು ದಿನ ಬೇಕಾದ್ದಕ್ಕಿಂತ ಹೆಚ್ಚು ನೀರು ಸೇದಿದ್ದಳು. ಜಾತಕ ಸರಿ, ಮನೆತನ ಸರಿ. ಎಲ್ಲ ನಿಂತುಹೋಗಿದ್ದು ಒಂದು ಹಸುವಿನ ಹತ್ತಿರ.

ಆ ಮನೆಯ ಹೆಣ್ಣು ಗಂಡನ ಮನೆಗೆ ಹೋಗುವಾಗ ಒಂದು ಹಸುವೂ ಹಿಂದೆ ಹೋಗಬೇಕು. ಪಾಂಡಿಯಮ್ಮಾಳ್ ಕೇಳಿದ್ದು ಮಯಿಲೆಯನ್ನು. ಬೂದು ಬಣ್ಣದ ಹಸು, ಹುಟ್ಟಿದ ವಾರಕ್ಕೇ ತಾಯಿ ಸತ್ತು, ಪಾಂಡಿಯಮ್ಮಾಳ್ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದ ಹಸು. ಆದರೆ ಮಯಿಲೆ ಈಗ ಊರಿಗೇ ಹೆಚ್ಚು ಹಾಲು ಕೊಡುತ್ತಿತ್ತು. ಮೂಕಯ್ಯ ಟೀ ಅಂಗಡಿಯಲ್ಲಿ ತನ್ನ ಗಟ್ಟಿ ಮನಸ್ಸಿನ ಮಾತು ಮುಗಿಸಿದ ಮೇಲೆ ಆಡುತ್ತಿದ್ದ ಇನ್ನೊಂದು ಮಾತೆಂದರೆ ಮಯಿಲೆಯದೇ. ಅವನು ಕೊಡುವುದಿಲ್ಲವೆಂದ. ಮೂರು ತಿಂಗಳಿಂದ ಕೊಡುವುದಿಲ್ಲವೆಂದೇ ಹೇಳುತ್ತಿದ್ದ.

ಕಡೆಗೆ ಒಂದು ಬುಧವಾರ ಹುಡುಗನ ಅಪ್ಪ ಆಂಡಿ ಗೌಂಡರೂ ತಾಯಿ ಗೋವಿಂದಮ್ಮಾಳ್ ಕೂಡ ಬಂದರು. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ತಾಂಬೂಲದ ತಟ್ಟೆ ಕೈಬದಲಾದರೆ ಮದುವೆ, ಇಲ್ಲದಿದ್ದರೆ ಅವರು ಹಾಗೇ ತೇವಾರ ಎಂಬ ಊರಿನ ಕಡೆಗೆ ಹೋಗಿ ಇನ್ನೊಂದು ಹೆಣ್ಣು ನೋಡುವವರು. ಇದನ್ನು ಆಂಡಿ ಗೌಂಡರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಪಾಂಡಿಯಮ್ಮಾಳ್ ಒಳಕೋಣೆಯಲ್ಲಿ ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ತಾಂಬೂಲದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು.

"ಗೌಂಡ್ರೆ, ಹೆಣ್ಣು ಹಿಡಿಸ್ತು, ಮನೆ ಹಿಡಿಸ್ತು" ಎಂದರು ಆಂಡಿ ಗೌಂಡರು. "ಆ ಮಯಿಲೇನ ಜೊತೇಲಿ ಕಳ್ಸಿಬಿಟ್ರೆ ತಟ್ಟೆ ಕೈ ಬದ್ಲಾಯಿಸ್ಕೊಂಡು ಎದ್ದೇಳ್ತೀವಿ."

"ಮಾಮ, ಕೊಟ್ಗೇಲಿ ಹನ್ನೊಂದು ಹಸು ಅವೆ. ಮಿಕ್ಕ ಹತ್ರಲ್ಲಿ ಯಾವುದಾದ್ರೂ ಹಿಡ್ಕೊಂಡು ಹೋಗಿ. ತಂಗೀನ ಬೇಕಾದ್ರೆ ಇವತ್ತೇ ಕರ್ಕೊಂಡು ಹೋಗಿ. ಮಯಿಲೆ ಮಾತ್ರ ಕೇಳ್ಬೇಡಿ."

"ಅಣ್ಣಾ, ಅದು ನಾ ಸಾಕಿದ ಹಸು" ಎಂದು ಒಳಗಿನಿಂದ ದನಿ ಬಂತು.

"ನೀ ಸುಮ್ನಿರು. ಮಾಮ, ನನ್ ಮನ್ಸು ಎಂಥದು ಗೊತ್ತಾ ನಿಮಗೆ?" ಮೂಕಯ್ಯ ಎದ್ದು ನಿಂತ. ಬೀಗವನ್ನು ಮಂದಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ಅವನಿಗೆ ಹೊಳೆದುಬಿಟ್ಟಿತು. "ಇಗೋ, ಈ ಪೂಟ್ಟಿನ ತರ. ನನ್ ಮಗಳು ಬರ್ದ ಹೋರಿ, ದಿಂಡಿಗಲ್ ಕಬ್ಬಿಣ. ಒಂದ್ಸಲ ಮುಚ್ಚಿದ್ರೆ ಮುಚ್ಚಿದ್ದೇ. ಯಾರ ಕೈಲೂ ತೆಗ್ಯಕ್ಕಾಗಾದಿಲ್ಲ. ನೋಡಿ ಬೇಕಾದ್ರೆ."

ಬಾಗಿಲು ಎಳೆದ. ಚಿಲಕ ಹಾಕಿದ. ಬೀಗ ಒತ್ತಿದ. ಟಕ್ ಎಂದಿತು.

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಯಾರ ಕೈಲೂ ತೆಗೆಯಲಾಗಲಿಲ್ಲ.

ಮೊದಲು ಮೂಕಯ್ಯ ಮುಗುಳ್ನಗುತ್ತ ಕೀಲಿ ಹಾಕಿ ತಿರುಗಿಸಿದ. ಕೀಲಿ ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಇಪ್ಪತ್ತು ಸುತ್ತು ಬಂತು. ಎಣ್ಣೆ ಗಾಣದ ಹಾಗೆ ಎಷ್ಟು ಸುತ್ತಿದರೂ ಅದಕ್ಕೆ ಬೇಸರವಿರಲಿಲ್ಲ. ಬಾಲ ಎಳೆದ. ಹಿಣಿಲು ಅಮುಕಿದ. ನಾಲ್ಕು ಕಾಲನ್ನೂ ಒಂದೊಂದಾಗಿ ಒತ್ತಿದ. ಬೆನ್ನು ಚಪ್ಪರಿಸಿ, "ಸಾಮೀ, ತೆಗೀಪ್ಪಾ" ಎಂದು ಬೇಡಿಕೊಂಡ. ಮುಗುಳ್ನಗೆ ಯಾವ ಸುತ್ತಿನಲ್ಲಿ ಉದುರಿತೋ ಅವನಿಗೂ ತಿಳಿಯಲಿಲ್ಲ.

"ಆ ಕೊಂಬು ಸ್ವಲ್ಪ ತಿರುಗಿಸಿ ನೋಡಿ" ಎಂದಳು ವೆಳ್ಳೈಯಮ್ಮಾಳ್.

"ಕೊಂಬಾ?" ರಂಗಮ್ಮಾಳ್ ಮೊಣಕಾಲುನೋವು ಮರೆತು ಎದ್ದಳು. "ದೇವ್ರ ಹೋರಿ ಕೊಂಬು ತಿರುಚಿದ್ರೆ ಕೈ ಸೇದೋಗತ್ತೆ. ವಂಶಕ್ಕೇ ಆಗಾದಿಲ್ಲ."

ಆಂಡಿ ಗೌಂಡರೂ ದನದ ಮನೆಯವರೇ. "ಹೋರಿ ಕೊಂಬು ತಿರುಚೋ ಮನೇಲಿ ನಾವು ಹೆಣ್ಣು ತರಾದಿಲ್ಲ" ಎಂದರು ಖಡಾಖಂಡಿತವಾಗಿ. ಮೂಕಯ್ಯನಿಗೂ ಅಂಥ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಕೊಂಬಿನ ಮಾತು ಅಲ್ಲಿಗೆ ನಿಂತಿತು.

ಉಳಿ ಸುತ್ತಿಗೆ ತರೋಣವೆಂದರೆ ರಂಗಮ್ಮಾಳ್ ಎರಡೂ ಕೈ ಚಾಚಿ ಬೀಗಕ್ಕೆ ಅಡ್ಡ ನಿಂತಳು. "ಮೊದ್ಲು ನನ್ ತಲೆಗೆ ಹೊಡಿ, ಆಮೇಲೆ ಹೋರಿಗೆ." ಬಾಗಿಲನ್ನೇ ಕೀಳೋಣವೆಂದರೆ, ಯಾವ ಮಗನೂ ಕೀಳಬಾರದೆಂದು ತುಂಬಿಸಿದ ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಮಗ ತಾನೇ ಆಗುತ್ತೇನೆಂದು ಮೂಕಯ್ಯ ಎಣಿಸಿರಲಿಲ್ಲ. ಅಷ್ಟರಲ್ಲಿ ರಂಗಮ್ಮಾಳ್‌ಗೆ ಒಂದು ದಾರಿ ಹೊಳೆಯಿತು. ಕೆಂಪು ಹಸು ಹಿಂದಿನ ದಿನವಷ್ಟೇ ಕರು ಹಾಕಿತ್ತು. ಹೋರಿಗೆ ಸೇರಬೇಕಾದ ಮೊದಲ ಹಾಲು ಸೇರಿಲ್ಲ, ಅದಕ್ಕೇ ಮುನಿದಿದೆ ಎಂದು ಒಂದು ಚೊಂಬು ಗಿಣ್ಣದ ಹಾಲು ತಂದು ಬೀಗದ ನೆತ್ತಿಯ ಮೇಲೆ ಸುರಿದಳು. ಆಮೇಲೆ ಕೀಲಿ ತಿರುಗುವುದರ ಜೊತೆಗೆ ಜಾರಲೂ ಶುರುವಾಯಿತು.

ಕೋಣೆಗೆ ಇದ್ದದ್ದು ಅಂಗಳದ ಕಡೆಗೆ ಸರಳು ಹಾಕಿದ ಒಂದು ಕಿಟಕಿ. ಹೆಣ್ಣು ನೋಡಲು ಬಂದವರಿಗೆ ಹೆಣ್ಣು ಕಾಪಿ ತಂದುಕೊಡುವುದು ಊರಿನ ವಾಡಿಕೆ. ಆ ಮನೆಯಲ್ಲಿ ಅಂದು ಹುಡುಗನ ತಾಯಿ ಗೋವಿಂದಮ್ಮಾಳ್ ಹೆಣ್ಣಿಗೆ ಸರಳಿನ ಸಂದಿಯಿಂದ ಕಾಪಿ ಕೊಟ್ಟಳು. ಇಬ್ಬರೂ ಕಿಟಕಿಯ ಆಚೀಚೆ ನಿಂತು ಮಯಿಲೆಗೆ ಹತ್ತಿಬೀಜ ಎಷ್ಟು, ಹಿಂಡಿ ಎಷ್ಟು ಎಂದು ಮಾತಾಡತೊಡಗಿದರು. ಸಂಬಂಧ ಕಿಟಕಿಯ ಹತ್ತಿರ ಕುದುರುತ್ತಿತ್ತು, ಬಾಗಿಲ ಹತ್ತಿರ ಮುರಿಯುತ್ತಿತ್ತು.

"ಹನ್ನೊಂದೂ ಕಾಲು" ಎಂದು ಆಂಡಿ ಗೌಂಡರು ತುಂಡು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ತೇವಾರಕ್ಕೆ ಬಸ್ಸು ಎಷ್ಟೊತ್ಗೆ?"

ಒಳಗಿನಿಂದ ಪಾಂಡಿಯಮ್ಮಾಳ್ ಅಳುವ ಸದ್ದು ಕೇಳಿತು. ತಂದೆ ಸತ್ತ ಮೇಲೆ ಮೂಕಯ್ಯನ ಹೆಗಲ ಮೇಲೆ ಬೆಳೆದ ತಂಗಿ ಅವಳು. ಅವನಿಗೆ ನಿಜವಾಗಿ ಭಯವಾಯಿತು. ಓಡಿಹೋಗಿ, ಅಂಗಳದಲ್ಲಿ ಹೊಸ ಕರುವಿನ ಕಿವಿ ಸವರುತ್ತಿದ್ದ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಚಿನ್ನತಾಯೀ, ಆಚಾರಿ ಕಿವೀಲಿ ಹೇಳ್ದೆಯಲ್ಲ, ಆ ಗುಟ್ಟು ಹೇಳಮ್ಮ."

"ನೀನೇ ಹೇಳ್ಬೇಡ ಅಂದ್ಯಲ್ಲ."

"ಈಗ ಹೇಳು ಅಂತೀನಿ."

"ಕೋಪ ಮಾಡ್ಕೋತೀಯ."

"ಮಾಡ್ಕೊಳಾದಿಲ್ಲ."

ಚಿನ್ನತಾಯಿ ನಂಬಲಿಲ್ಲ. ಎದ್ದುಹೋಗಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ವೆಳ್ಳೈಯಮ್ಮಾಳ್ ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಅವಳ ಹೆಗಲು ಕುಲುಕುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಿರುಗದೆಯೇ, "ಚಿನ್ನತಾಯಿ ಅಪ್ಪಾ, ಮಂದಿ ಸ್ವಲ್ಪ ಆಚೆ ಜಗಲೀಲಿ ಕೂತಿರ್ಲಿ. ನಾವು ತೆಗೀತೀವಿ" ಎಂದಳು.

"ಯಾಕೆ ಆಚೆ ಹೋಗ್ಬೇಕು? ನನ್ ಮಗಳ ಗುಟ್ಟು, ನಾಲ್ಕು ಜನದ ಮುಂದೆ ತೆಗೀಲಿ. ನೋಡ್ಲಿ ಎಲ್ಲಾರೂ."

"ನೀವೇ ಹೇಳಿದ್ದು ಮತ್ತೆ" ಎಂದಳು ವೆಳ್ಳೈಯಮ್ಮಾಳ್.

ಚಿನ್ನತಾಯಿ ಬೀಗದ ಮುಂದೆ ಮಣೆ ಹಾಕಿಕೊಂಡು ಹತ್ತಿ ನಿಂತಳು. ಎರಡೂ ಕೈಯಲ್ಲಿ ಎರಡು ಕೊಂಬು ಹಿಡಿದಳು.

"ಅಯ್ಯೋ, ಕೊಂಬು ಬಿಡೇ" ಎಂದಳು ರಂಗಮ್ಮಾಳ್.

"ಇದು ಕೊಂಬಲ್ಲ ಅಜ್ಜಿ. ಮೀಸೆ."

ಕಿಟಕಿಯ ಹತ್ತಿರ ನಿಂತಿದ್ದ ಗೋವಿಂದಮ್ಮಾಳ್ ಈ ಕಡೆ ತಿರುಗಿದಳು.

"ಯಾರ ಮೀಸೆ ಮಗಾ?" ಎಂದು ಆಂಡಿ ಗೌಂಡರು ಮೆಲ್ಲಗೆ ಕೇಳಿದರು.

"ಅಪ್ಪಂದು. ಇದು ಮುಂಡಾಸು. ಇದು ಹೆಗಲ ಮೇಲಿರೋ ತುಂಡು. ಇವೆರಡು ಕೈ, ಇವೆರಡು ಕಾಲು. ಹೊಟ್ಟೆ ದೊಡ್ಡದಾಗೋಯ್ತು, ಅದಕ್ಕೆ ಕುತ್ತಿಗೆ ಬರೆಯಕ್ಕೆ ಜಾಗ ಸಿಗ್ಲಿಲ್ಲ."

ಎಲ್ಲರೂ ಬೀಗವನ್ನು ನೋಡಿದರು. ಆಮೇಲೆ ಮೂಕಯ್ಯನನ್ನು ನೋಡಿದರು. ಅವನು ಮುಂಡಾಸು ಸುತ್ತಿ, ತುಂಡನ್ನು ಒಂದೇ ಮಗ್ಗುಲಿಗೆ ಇಳಿಬಿಟ್ಟು, ಕೆನ್ನೆ ದಾಟಿ ಹೋದ ಮೀಸೆಯೊಂದಿಗೆ, ಕೈಕಾಲು ಅಗಲಿಸಿ ನಿಂತಿದ್ದ. ಆಚಾರಿ ನಿಜಕ್ಕೂ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ.

ಮೊದಲು ಮಾತಾಡಿದವಳು ರಂಗಮ್ಮಾಳ್. "ಹಂಗಾದ್ರೆ ಇಷ್ಟು ದಿನ್ದಿಂದ ನಾ ಕುಂಕುಮ ಇಟ್ಟು ಕೈ ಮುಗೀತಿದ್ದದ್ದು ನಿಂಗೇನೋ?"

ಮೂಕಯ್ಯನ ಬಾಯಲ್ಲಿ ಮಾತು ಹೊರಡಲಿಲ್ಲ. ತಾತ ಇಟ್ಟ ಹೆಸರು ಅವನಿಗೆ ಹೊಂದಿದ್ದು ಆ ಒಂದು ಗಳಿಗೆಯಲ್ಲಿ ಮಾತ್ರ.

"ಮೊದ್ಲು ಮೀಸೆ ಎರಡೂ ಕಡೆ ಮೇಲಕ್ಕೆ ತಿರುವ್ಬೇಕು" ಎಂದು ಚಿನ್ನತಾಯಿ ಶಾಲೆಯ ಮೇಷ್ಟರಂತೆ ವಿವರಿಸುತ್ತ ಹಿತ್ತಾಳೆಯನ್ನು ತಿರುವಿದಳು. "ಆಮೇಲೆ ಮೂಗು ಅಮುಕ್ಬೇಕು. ಆಗ ಅಪ್ಪ ನಗ್ತಾನೆ. ನಕ್ಕ ಮೇಲೆ ಏನ್ ಕೇಳಿದ್ರೂ ಕೊಡ್ತಾನೆ."

ಮೂಗು ಅಮುಕಿದಳು. ಬೀಗದ ಬಾಯಿ ಕೆಳಗೆ ಜಾರಿ ನಕ್ಕಿತು. ಆ ನಗುವಿನೊಳಗೆ ಇನ್ನೊಂದು ತೂತು ಇತ್ತು, ಅದೇ ಅಸಲಿ. ಹೊಟ್ಟೆಯ ಮೇಲಿದ್ದದ್ದು ಕಳ್ಳನಿಗೆಂದು ಮಾಡಿದ್ದು. ಕೀಲಿ ಅರ್ಧ ಸುತ್ತಿಗೇ ಬೀಗ ತೆರೆಯಿತು. ಪಾಂಡಿಯಮ್ಮಾಳ್ ಕಣ್ಣೊರೆಸಿಕೊಂಡು, ತಟ್ಟೆ ಹಿಡಿದು ಹೊರಗೆ ಬಂದಳು.

"ಇದು ಎಷ್ಟು ದಿನ್ದಿಂದ ನಡೀತಾ ಅದೆ?" ಆಂಡಿ ಗೌಂಡರು ಮತ್ತೆ ಕೂತುಕೊಂಡಿದ್ದರು. ತೇವಾರದ ಬಸ್ಸು ಅವರಿಗೆ ಮರೆತೇ ಹೋಗಿತ್ತು.

"ಯಾವಾಗ್ಲೂ. ಅಮ್ಮಂಗೆ ಚಿನ್ನಾಳಪಟ್ಟಿ ಸೀರೆ ಬೇಕಾದಾಗ ನಾನೇ ತಿರುವ್ದೆ. ಅಜ್ಜಿ ಪಳನಿಗೆ ಹೋಗ್ಬೇಕು ಅಂದಾಗ್ಲೂ ನಾನೇ."

"ಚಿನ್ನತಾಯೀ, ಸಾಕು" ಎಂದರು ಅಮ್ಮ, ಅಜ್ಜಿ ಒಟ್ಟಿಗೆ.

"ಈ ಸಂಬಂಧಕ್ಕೆ ಅಪ್ಪ ಒಪ್ಪಿದ್ದೂ ಹಂಗೇ. ಅತ್ತೆ ಹೇಳ್ಕೊಟ್ಲು." ಪಾಂಡಿಯಮ್ಮಾಳ್ ತಟ್ಟೆಯ ವೀಳ್ಯದೆಲೆಗಳನ್ನು ತುಂಬ ಗಮನವಿಟ್ಟು ಜೋಡಿಸತೊಡಗಿದಳು.

ಆಂಡಿ ಗೌಂಡರು ಗೋಡೆ ಗಡಿಯಾರ ನೋಡಿದರು. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಚಿನ್ನತಾಯಿಯನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದರು. ಚಿನ್ನತಾಯಿ ತಲೆಯಾಡಿಸಿ ಸೀದಾ ಅಪ್ಪನ ಮುಂದೆ ಬಂದು ನಿಂತಳು.

"ನಾನು ಬಗ್ಗಾದಿಲ್ಲ" ಎಂದ ಮೂಕಯ್ಯ. "ನನ್ ಮನ್ಸು ಎಲ್ಲಾರಿಗೂ ಗೊತ್ತು."

"ಬಗ್ಗಪ್ಪಾ, ನಂಗೆ ಎಟುಕ್ತಿಲ್ಲ."

ಎಟುಕದೆ ಮಗು ಕಷ್ಟಪಡುತ್ತಿದ್ದರೆ ಯಾವ ತಂದೆ ನೋಡಿಕೊಂಡಿರುತ್ತಾನೆ? ಅವನು ಬಗ್ಗಿದ. ಹಾಲಿನಲ್ಲಿ ಅಂಟಂಟಾದ ಎರಡು ಪುಟ್ಟ ಕೈಗಳು ಮೀಸೆಯ ತುದಿ ಹಿಡಿದು ಮೇಲಕ್ಕೆ ತಿರುವಿದವು. ಅವನು ತುಟಿ ಬಿಗಿದ. ಹಲ್ಲು ಕಚ್ಚಿದ. ಸತ್ತ ಅಪ್ಪನನ್ನು ನೆನೆದು ದುಃಖ ತಂದುಕೊಳ್ಳಲು ನೋಡಿದ. ಅವಳು ಒಂದು ಕೈ ಬಿಟ್ಟು ಮೂಗು ಅಮುಕಿದಳು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ತಾಂಬೂಲದ ತಟ್ಟೆ ಕೈಬದಲಾಯಿತು. ಪಾಂಡಿಯಮ್ಮಾಳ್ ಕೊಟ್ಟಿಗೆಗೆ ಓಡಿ ಮಯಿಲೆಯ ಕುತ್ತಿಗೆ ತಬ್ಬಿಕೊಂಡು ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ. ಆಂಡಿ ಗೌಂಡರು ಎಲೆ ಅಡಿಕೆ ಬಾಯಿಗಿಟ್ಟುಕೊಂಡು, ಏನೋ ಲೆಕ್ಕ ತಪ್ಪಿದವರಂತೆ ಮೂಕಯ್ಯನ ಕಡೆ ತಿರುಗಿದರು.

"ಗೌಂಡ್ರೆ, ನಾವು ಕೇಳಿದ್ದು ಮಯಿಲೆ ಒಂದೇ. ಜೊತೇಲಿ ಆ ಕೆಂಪು ಹಸೂನೂ ಅದರ ಕರೂನೂ ಕೊಟ್ಟೆ ಅಂದ್ರಲ್ಲ, ಯಾಕೆ?"

ಮೂಕಯ್ಯ ಬಗ್ಗಿದಲ್ಲಿಂದಲೇ ಉತ್ತರ ಕೊಟ್ಟ. "ಅವಳು ಇನ್ನೂ ಮೀಸೆ ಬಿಟ್ಟಿಲ್ಲ, ಮಾಮ."